ಬಾಲ ಗೂಢಚಾರರ ಕಾದಂಬರಿಗಳು: ಯಾವ ಮಗುವಿನ ಕೈಗೆ ಯಾವುದು?

ಹಾಸನದ ಕುವೆಂಪು ನಗರದ ನಮ್ಮ ಮನೆಯಲ್ಲಿ ಒಂದು ಹಳೆಯ ಕಬ್ಬಿಣದ ಬೀರು ಇದೆ. ಕೆಳಗಿನ ಎರಡು ಖಾನೆಗಳಲ್ಲಿ ನನ್ನ ಹೆಂಡತಿಯ ಸೀರೆಗಳು, ಮೇಲಿನ ಮೂರರಲ್ಲಿ ಬೀದಿಯ ಮಕ್ಕಳಿಗೆ ಎರವಲು ಕೊಡುವ ಪುಸ್ತಕಗಳು. ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಹೇಳಿ ನಿವೃತ್ತನಾದ ಮೇಲೆ ಹಿಡಿದ ಹುಚ್ಚು ಇದು. ಯಾರು ಯಾವುದನ್ನು ಒಯ್ದರು ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇನೆ. ಆ ಲೆಕ್ಕದ ಪ್ರಕಾರ ಅತಿ ಹೆಚ್ಚು ಓಡಾಡಿ ಬೆನ್ನು ಹರಿದುಕೊಂಡಿರುವುದು ಹದಿಮೂರು, ಹದಿನಾಲ್ಕು ವಯಸ್ಸಿನ ಗೂಢಚಾರರ ಸಾಹಸ ಕಾದಂಬರಿಗಳೇ. ಅಪ್ಪ ಅಮ್ಮಂದಿರು ಗೇಟಿನ ಬಳಿ ನಿಂತು ಎರಡು ಪ್ರಶ್ನೆ ಕೇಳುತ್ತಾರೆ. ಒಂದು, “ಮೇಷ್ಟ್ರೇ, ಮೊದಲು ಯಾವುದನ್ನು ಕೊಡಿಸಲಿ?” ಇನ್ನೊಂದು, “ಇಂಥ ಸುಳ್ಳನ್ನೆಲ್ಲ ಓದಿ ಹುಡುಗನ ತಲೆ ಕೆಡುವುದಿಲ್ಲವೇ?”

ಎರಡನೆಯದಕ್ಕೆ ಮೊದಲು ಉತ್ತರ ಹೇಳಿಬಿಡುತ್ತೇನೆ. ನಂಬಲಾಗದ ಹುಡುಗರ ವಿಷಯದಲ್ಲಿ ನಮ್ಮ ಕಡೆಯವರು ಯಾರಿಗೂ ಕಡಿಮೆಯಿಲ್ಲ. ಮೂಡಿಗೆರೆ ತಾಲ್ಲೂಕಿನ ಅಂಗಡಿಯಲ್ಲಿ ಹುಲಿ ಮೇಲೆ ಬಿದ್ದಾಗ ಜೈನ ಮುನಿ “ಹೊಯ್ ಸಳ” ಎಂದನಂತೆ, ಹುಡುಗ ಹೊಯ್ದೇಬಿಟ್ಟನಂತೆ. ಅದನ್ನು ನಾವು ರಾಜಲಾಂಛನ ಮಾಡಿ ಬೇಲೂರಿನ ದೇವಸ್ಥಾನದ ಬಾಗಿಲಲ್ಲಿ ನಿಲ್ಲಿಸಿದ್ದೇವೆ. ಶಾಲಾ ಪ್ರವಾಸದ ಮಕ್ಕಳು ಅಲ್ಲಿ ನಿಂತಾಗ “ಹುಡುಗನೊಬ್ಬ ಹುಲಿಯನ್ನು ಕೊಲ್ಲುವುದು ಸಾಧ್ಯವೇ?” ಎಂದು ಯಾವ ಮೇಷ್ಟ್ರೂ ಕೇಳುವುದಿಲ್ಲ, ನಾನೂ ಕೇಳಲಿಲ್ಲ. ಹಳೇಬೀಡಿಗೆ ಹೋದರೆ ಹೊಯ್ಸಳೇಶ್ವರನ ಗೋಡೆಯ ಮೇಲೆ ಚಕ್ರವ್ಯೂಹದ ಕೆತ್ತನೆ ಇದೆ. ಅಭಿಮನ್ಯುವಿಗೆ ಹದಿನಾರು. ಅವನನ್ನು ಒಳಗೆ ಕಳಿಸಲು ಧರ್ಮರಾಯನಿಗೆ ಸರಿಯಾದ ಕಾರಣವಿತ್ತು. ಅರ್ಜುನ ದೂರದಲ್ಲಿದ್ದ, ಇದ್ದವರಲ್ಲಿ ವ್ಯೂಹದ ಬಾಗಿಲು ತೆರೆಯಬಲ್ಲವನು ಈ ಹುಡುಗನೊಬ್ಬನೇ. “ನಿನ್ನ ಹಿಂದೆಯೇ ಬರುತ್ತೇವೆ” ಎಂದ ದೊಡ್ಡವರನ್ನು ಜಯದ್ರಥ ಹೊರಗೇ ತಡೆದ. ಹೊರಬರುವ ದಾರಿ ಹುಡುಗನಿಗೆ ಗೊತ್ತಿರಲಿಲ್ಲ.

ಬಾಲ ಗೂಢಚಾರರ ಕಾದಂಬರಿ ಅಳೆಯಲು ನನ್ನ ಬಳಿ ಇರುವ ಕೋಲು ಇದೊಂದೇ. ಹುಡುಗ ಹೆಲಿಕಾಪ್ಟರಿನಿಂದ ಜಿಗಿದರೆ ಜಿಗಿಯಲಿ, ನನಗೆ ತಕರಾರಿಲ್ಲ. ಅಷ್ಟು ಜನ ದೊಡ್ಡವರಿರುವಾಗ ಹುಡುಗನನ್ನೇ ಯಾಕೆ ಕಳಿಸಿದರು? ಅವನು ಸಿಕ್ಕಿಬಿದ್ದರೆ ಹೊಣೆ ಯಾರದು? ಇದಕ್ಕೆ ಕಾದಂಬರಿ ಉತ್ತರ ಕೊಟ್ಟರೆ ಉಳಿದ ಸುಳ್ಳನ್ನೆಲ್ಲ ಓದುಗ ತಾನಾಗಿ ಹೊತ್ತುಕೊಳ್ಳುತ್ತಾನೆ.

ಎಲ್ಲರೂ ಮೊದಲು ಕೇಳುವುದು ಅಲೆಕ್ಸ್ ರೈಡರ್. ಆಂಥೊನಿ ಹೊರೊವಿಟ್ಜ್ ಬರೆದ ಈ ಸರಣಿಯ ಮೊದಲ ಪುಸ್ತಕ ‘ಸ್ಟಾರ್ಮ್‌ಬ್ರೇಕರ್’ ಬಂದದ್ದು 2000ದಲ್ಲಿ. ಹದಿನಾಲ್ಕರ ಅಲೆಕ್ಸ್‌ನನ್ನು ಸಾಕಿದ ಚಿಕ್ಕಪ್ಪ ಕಾರು ಅಪಘಾತದಲ್ಲಿ ಸತ್ತ, ಸೀಟ್ ಬೆಲ್ಟ್ ಹಾಕಿರಲಿಲ್ಲ ಎಂಬ ಸುದ್ದಿ ಬರುತ್ತದೆ. ಆದರೆ ಚಿಕ್ಕಪ್ಪ ಬೆಲ್ಟ್ ಹಾಕದೆ ಕಾರನ್ನು ಹಿಂದಕ್ಕೂ ತೆಗೆಯದ ಮನುಷ್ಯ ಎಂದು ಹುಡುಗನಿಗೆ ಗೊತ್ತು. ಇಡೀ ಸರಣಿಯಲ್ಲಿ ನನಗೆ ಇಷ್ಟವಾದ ಜಾಗ ಇದು. ಬಂದೂಕಿಲ್ಲ, ಸ್ಫೋಟವಿಲ್ಲ. ಮನೆಯವರಿಗೆ ಮಾತ್ರ ಗೊತ್ತಿರುವ ಒಂದು ಅಭ್ಯಾಸ, ಅಷ್ಟೇ. ಮುಂದೆ ಬ್ರಿಟನ್ನಿನ ಗುಪ್ತಚರ ಸಂಸ್ಥೆ ಎಂಐ6ನವರು ಹುಡುಗನನ್ನು ಕೆಲಸಕ್ಕೆ ಹಚ್ಚುವುದು ದೇಶಭಕ್ತಿಯ ಮಾತು ಹೇಳಿ ಅಲ್ಲ, ಹೆದರಿಸಿ. ಮನೆ ನೋಡಿಕೊಳ್ಳುವ ಜ್ಯಾಕ್ ಎಂಬ ಹುಡುಗಿಯನ್ನು ಅಮೆರಿಕಕ್ಕೆ ವಾಪಸ್ ಕಳಿಸುತ್ತೇವೆ, ನಿನ್ನನ್ನು ಅನಾಥ ಮಕ್ಕಳ ಸಂಸ್ಥೆಗೆ ಹಾಕುತ್ತೇವೆ ಎನ್ನುತ್ತಾರೆ. ಅವನಿಗೆ ಕರಾಟೆ, ಆಳ ನೀರಿನ ಈಜು, ನಾಲ್ಕಾರು ಭಾಷೆ ಗೊತ್ತಿರುವುದಕ್ಕೂ ಕಾರಣ ಸಿದ್ಧವಿದೆ. ರಜೆಯೆಂದು ಚಿಕ್ಕಪ್ಪ ಕರೆದೊಯ್ದ ಪ್ರವಾಸಗಳೆಲ್ಲ ಗುಟ್ಟಿನ ತರಬೇತಿಯಾಗಿದ್ದವು.

ಇಷ್ಟು ಗಟ್ಟಿ ತಳಪಾಯ ಹಾಕಿ, ಮೇಲೆ ಕಟ್ಟಿರುವುದು ಮಾತ್ರ ಜಾತ್ರೆಯ ತೊಟ್ಟಿಲು. ಶಾಲೆಗಳಿಗೆಲ್ಲ ಉಚಿತವಾಗಿ ಕಂಪ್ಯೂಟರ್ ಹಂಚಿ ಅದರೊಳಗೆ ಸಿಡುಬಿನ ವೈರಸ್ ತುಂಬಿಸಿಡುವ ಖಳ, ಲೋಹವನ್ನು ತಿನ್ನುವ ಮೊಡವೆ ಕ್ರೀಮು, ಗೂಢಚಾರಿಕೆಗೆ ಒದಗುವ ಗೇಮ್ ಬಾಯ್ ಎಂಬ ಕೈಯಾಟದ ಯಂತ್ರ. ಹುಡುಗ ಹದಿನೈದಕ್ಕೆ ಕಾಲಿಡುವಷ್ಟರಲ್ಲಿ ಹಲವು ಪುಸ್ತಕಗಳ ಅನಾಹುತ ದಾಟಿರುತ್ತಾನೆ. ನಮ್ಮ ಬೀದಿಯ ಒಂಬತ್ತನೇ ತರಗತಿಯ ಹುಡುಗನೊಬ್ಬ ಇದನ್ನು ರಾತ್ರಿ ಓದಿ ಮುಗಿಸಿ ಬೆಳಿಗ್ಗೆ ಹಾಲಿನ ಜೊತೆಗೇ ತಂದುಕೊಟ್ಟ. “ಆ ಕ್ರೀಮು ನಿಜವಾಗಿ ಇದೆಯೇ ಸರ್?” ಎಂದು ಕೇಳುತ್ತಾನೆಂದುಕೊಂಡೆ. ಅವನು ಕೇಳಿದ್ದು ಬೇರೆ: “ಅಷ್ಟು ದೊಡ್ಡ ಆಫೀಸರ್‌ಗಳು ಅವನ ಮಾತನ್ನು ಕೂತು ಕೇಳುತ್ತಾರಲ್ಲ ಸರ್, ನಮ್ಮ ಮನೆಯಲ್ಲಿ ಪಿಯುಸಿಗೆ ಯಾವ ಕಾಂಬಿನೇಶನ್ ಅಂತಲೂ ನನ್ನನ್ನು ಕೇಳಿಲ್ಲ.” ಈ ಪುಸ್ತಕಗಳ ಆಕರ್ಷಣೆಯ ಬಗ್ಗೆ ನಾನು ಓದಿದ ವಿಮರ್ಶೆಗಳಲ್ಲಿ ಎಲ್ಲೂ ಇಷ್ಟು ನೇರವಾದ ಮಾತು ಸಿಕ್ಕಿಲ್ಲ. ಪುಸ್ತಕ ಎಂದರೆ ಮೈಲು ದೂರ ಓಡುವ, ಹನ್ನೊಂದರಿಂದ ಹದಿನಾಲ್ಕರ ಒಳಗಿನ ಮಗುವಿಗೆ ಇದನ್ನೇ ಕೊಡಿ.

ಅಲೆಕ್ಸ್ ಮುಗಿಸಿದವರು ‘ಚೆರಬ್’ಗೆ ಬರುತ್ತಾರೆ. ರಾಬರ್ಟ್ ಮಚಮೋರ್‌ರ ಈ ಸರಣಿಯ ಮೊದಲ ಪುಸ್ತಕ ‘ದಿ ರಿಕ್ರೂಟ್’, 2004ರದು. ಯಾಕೆ ಮಗುವೇ ಎಂಬುದಕ್ಕೆ ಇಲ್ಲಿನ ಉತ್ತರ ಬಹಳ ಸರಳ: ಮಕ್ಕಳು ಬೇಹು ನಡೆಸುತ್ತಾರೆ ಎಂದು ದೊಡ್ಡವರು ಅನುಮಾನಿಸುವುದಿಲ್ಲ. ಹತ್ತರಿಂದ ಹದಿನೇಳರ ವಯಸ್ಸಿನ ಅನಾಥ ಮಕ್ಕಳ ಒಂದು ಸಂಸ್ಥೆ, ನೂರು ದಿನಗಳ ಒರಟು ತರಬೇತಿ, ದರ್ಜೆಗೊಂದು ಬಣ್ಣದ ಟೀ ಶರ್ಟ್. ತರಬೇತಿಯಲ್ಲಿದ್ದರೆ ತಿಳಿನೀಲಿ, ತೇರ್ಗಡೆಯಾದರೆ ಬೂದು, ಒಳ್ಳೆಯ ಕೆಲಸ ಮಾಡಿದರೆ ಕಡುನೀಲಿ, ಅದಕ್ಕೂ ಮೇಲೆ ಕಪ್ಪು. ಪ್ರತಿ ಕಾರ್ಯಾಚರಣೆಯನ್ನೂ ನೈತಿಕ ಸಮಿತಿಯೊಂದು ಒಪ್ಪಬೇಕು, ಬೇಡವೆನ್ನುವ ಹಕ್ಕು ಮಗುವಿಗಿದೆ. ನಾಯಕ ಜೇಮ್ಸ್ ಜಗಳಗಂಟ, ಲೆಕ್ಕದಲ್ಲಿ ಚುರುಕು, ಕೆಲವೊಮ್ಮೆ ಶುದ್ಧ ಪೋಲಿ. ಅವನ ಕೆಲಸವೂ ದೊಡ್ಡದೇನಲ್ಲ: ಒಂದು ಕುಟುಂಬದ ಮಕ್ಕಳ ಜೊತೆ ಸ್ನೇಹ ಮಾಡಿ, ಅವರ ಮನೆಗೆ ಹೋಗಿಬಂದು, ಕಿವಿ ತೆರೆದಿಟ್ಟುಕೊಳ್ಳುವುದು.

ಈ ಉತ್ತರ ಎಷ್ಟು ಸರಿ ಎಂದು ನನಗೆ ಅರ್ಥವಾದದ್ದು ಚಿಕ್ಕಮಗಳೂರಿನ ನಮ್ಮ ಭಾವಮೈದುನನ ಮನೆಯಲ್ಲಿ. ಜಗುಲಿಯ ಮೇಲೆ ತೋಟದ ಪಾಲಿನ ಮಾತು ನಡೆದಿತ್ತು. ನಾನು ಬಾಗಿಲ ಬಳಿ ಬಂದ ಕೂಡಲೇ ಮಾತು ಮಳೆಯ ಕಡೆಗೆ ತಿರುಗಿತು. ಹಿಂದೆಯೇ ಅವನ ಹನ್ನೆರಡು ವರ್ಷದ ಮಗಳು ಕಾಫಿ ಲೋಟಗಳ ತಟ್ಟೆ ಹಿಡಿದು ಬಂದಳು. ಒಬ್ಬರೂ ದನಿ ತಗ್ಗಿಸಲಿಲ್ಲ. ಯಾರಿಗೆ ಎಷ್ಟು ಎಕರೆ, ಯಾರ ಸಹಿ ಬಾಕಿ, ಎಲ್ಲವನ್ನೂ ಅವಳ ತಲೆಯ ಮೇಲಿಂದಲೇ ಆಡಿಕೊಂಡರು. ರಾತ್ರಿ ಊಟವಾದ ಮೇಲೆ “ಮಾವ, ನಿಮಗೊಂದು ವಿಷಯ ಹೇಳಲೇ?” ಎಂದು ಅವಳೇ ಬಂದು ಕೂತಳು. ನಾನು ಬೇಡವೆನ್ನಬೇಕಿತ್ತು, ಎನ್ನಲಿಲ್ಲ.

ಆದರೆ ಇದು ಮನೆಯೊಳಗಿನ ಮಾತು. ಬೀದಿಗೆ ಬಂದರೆ ಚೆರಬ್‌ನ ಇಡೀ ಉಪಾಯ ನಮ್ಮ ಕಡೆ ಹತ್ತು ನಿಮಿಷ ಬಾಳುವುದಿಲ್ಲ. ಶಾಲೆಯ ಹೊತ್ತಿನಲ್ಲಿ ಹುಡುಗನೊಬ್ಬ ಟೀ ಅಂಗಡಿಯ ಬೆಂಚಿನ ಮೇಲೆ ಕೂತರೆ ಸಾಕು, “ಯಾವ ಊರಪ್ಪ? ಯಾರ ಮಗ ನೀನು? ಸ್ಕೂಲಿಲ್ಲವಾ?” ಎಂದು ವಿಚಾರಣೆ ಶುರುವಾಗುತ್ತದೆ. ತಾತನ ಹೆಸರು ಹೇಳುವತನಕ ಬಿಡುವವರಲ್ಲ. ಸುಳ್ಳು ಹೆಸರು, ಸುಳ್ಳು ಊರು ಹೇಳಿದರೆ ಆ ಊರಿನಲ್ಲೇ ಅವರ ಬೀಗರೊಬ್ಬರು ಇದ್ದೇ ಇರುತ್ತಾರೆ. 1982ರಿಂದ ಇಸ್ರೊದ ಉಪಗ್ರಹ ನಿಯಂತ್ರಣ ಕೇಂದ್ರ ನಮ್ಮ ಊರಿನಲ್ಲಿದೆ, ಆಕಾಶಕ್ಕೆ ಬಾಯಿ ತೆರೆದ ಅದರ ದೊಡ್ಡ ಆಂಟೆನಾಗಳಿವೆ. ಸಕಲೇಶಪುರದ ಬಳಿ ನಕ್ಷತ್ರದ ಆಕಾರದ ಮಂಜರಾಬಾದ್ ಕೋಟೆ ಇದೆ, ಗೊರೂರಿನ ಹಿನ್ನೀರಿನಲ್ಲಿ ಮಳೆಗಾಲಕ್ಕೆ ಮುಳುಗಿ ಬೇಸಿಗೆಗೆ ಏಳುವ ಶೆಟ್ಟಿಹಳ್ಳಿಯ ಚರ್ಚಿದೆ. ಕಥೆಗೆ ಬೇಕಾದ ಜಾಗಗಳೆಲ್ಲ ಇದ್ದೂ ಹಾಸನದ ಬಾಲ ಗೂಢಚಾರನ ಕಾದಂಬರಿ ಇನ್ನೂ ನನ್ನ ಕೈಗೆ ಬಂದಿಲ್ಲ. ಬರೆಯುವವರು ಮೊದಲು ಈ “ಯಾರ ಮಗ?” ಎಂಬ ಪ್ರಶ್ನೆಗೆ ಒಂದು ದಾರಿ ಹುಡುಕಿಕೊಳ್ಳಲಿ.

ಚೆರಬ್‌ನ್ನು ಹದಿಮೂರು ತುಂಬದವರಿಗೆ ಕೊಡಬೇಡಿ. ಬೈಗುಳ, ಕುಡಿತ, ಹುಡುಗ ಹುಡುಗಿಯರ ವ್ಯವಹಾರ ಎಲ್ಲವೂ ಇವೆ, ಯಾವುದನ್ನೂ ಮುಚ್ಚಿಟ್ಟಿಲ್ಲ. ನಾನು ಏಳನೇ ತರಗತಿಯ ಹುಡುಗನಿಗೆ ಕೊಟ್ಟು, ಅವನು ಅಲ್ಲಿ ಕಲಿತದ್ದನ್ನು ಊಟದ ಮನೆಯಲ್ಲಿ ತಂಗಿಯ ಮೇಲೆ ಪ್ರಯೋಗಿಸಿ, ಅವನಮ್ಮ ಪುಸ್ತಕವನ್ನು ನ್ಯೂಸ್ ಪೇಪರಿನಲ್ಲಿ ಸುತ್ತಿ ತಂದುಕೊಟ್ಟರು. ತಪ್ಪು ನನ್ನದೇ. ಇನ್ನೊಂದು ಮಾತನ್ನು ಹದಿನೈದು ದಾಟಿದವರಿಗೆ ಹೇಳುತ್ತೇನೆ. 2018ರಲ್ಲಿ ಬ್ರಿಟನ್ ಸಂಸತ್ತಿನ ಮೇಲ್ಮನೆಯ ಸಮಿತಿಯೊಂದು, ಅಲ್ಲಿನ ಪೊಲೀಸರು ಮತ್ತು ಗುಪ್ತಚರ ಸಂಸ್ಥೆಗಳು ಹದಿನೆಂಟು ತುಂಬದವರನ್ನು ಗುಪ್ತ ಮಾಹಿತಿದಾರರನ್ನಾಗಿ ಬಳಸುವುದರ ಬಗ್ಗೆ ಆತಂಕ ವ್ಯಕ್ತಪಡಿಸಿತು. ಆ ಮಕ್ಕಳಿಗೆ ಬಣ್ಣದ ಟೀ ಶರ್ಟ್ ಇರಲಿಲ್ಲ. ಮಾದಕ ವಸ್ತು ಸಾಗಿಸುವ ಗುಂಪುಗಳಲ್ಲಿ ಮೊದಲೇ ಸಿಕ್ಕಿಬಿದ್ದಂಥ ಮಕ್ಕಳನ್ನು, ಸುದ್ದಿ ತರುವುದಕ್ಕಾಗಿ ಅದೇ ಕೂಪಕ್ಕೆ ಮತ್ತೆ ಕಳಿಸುವ ವಿಷಯ ಅದು. ಮಚಮೋರ್ ಕಟ್ಟಿದ ನೈತಿಕ ಸಮಿತಿ ಆಗ ಸುಮ್ಮನೆ ಸೇರಿಸಿದ ಅಲಂಕಾರದಂತೆ ಕಾಣುವುದಿಲ್ಲ.

ಚಾರ್ಲಿ ಹಿಗ್ಸನ್ ಬರೆದ ಬಾಲ ಜೇಮ್ಸ್ ಬಾಂಡ್ ಸರಣಿಯೂ ಇದೆ, 2005ರ ‘ಸಿಲ್ವರ್‌ಫಿನ್’ನಿಂದ ಶುರು. 1930ರ ದಶಕ, ಈಟನ್ ಶಾಲೆ, ಸ್ಕಾಟ್ಲೆಂಡಿನ ಕೋಟೆ, ಹಾವುಮೀನುಗಳು. ಹುಡುಗನನ್ನು ಇಲ್ಲಿ ಯಾರೂ ಕಳಿಸುವುದಿಲ್ಲ, ಅವನೇ ಮೂಗು ತೂರಿಸಿ ಸಿಕ್ಕಿಹಾಕಿಕೊಳ್ಳುತ್ತಾನೆ. ಇತಿಹಾಸದ ರುಚಿ ಇರುವ, ನಿಧಾನವಾಗಿ ಓದುವ ಮಗುವಿಗೆ ಸರಿ. ಹುಡುಗಿಯರಿಗಾಗಿಯೇ ಎಂದು ಕೆಲವರು ಆ್ಯಲಿ ಕಾರ್ಟರ್‌ರ ಗಲ್ಲಾಘರ್ ಶಾಲೆಯ ಕಥೆಗಳನ್ನು ಕೇಳುತ್ತಾರೆ. ಗೂಢಚಾರಿಣಿಯರ ಹಾಸ್ಟೆಲ್ ಜೀವನ, ಅರ್ಧ ಬೇಹು, ಅರ್ಧ ಪ್ರೇಮ. ಹಾಸ್ಟೆಲಿನ ಭಾಗ ಚೆನ್ನಾಗಿದೆ.

ಲೆಕ್ಕ, ಒಗಟು ಎಂದರೆ ಊಟ ಬಿಡುವ ಮಗು ಇದ್ದರೆ ಲಾರೆನ್ ಚೈಲ್ಡ್‌ರ ‘ರೂಬಿ ರೆಡ್‌ಫೋರ್ಟ್’ ಸರಣಿ ನೋಡಿ. 2011ರಲ್ಲಿ ಶುರುವಾಯಿತು. ಹದಿಮೂರರ ರೂಬಿಯನ್ನು ಗುಪ್ತ ಸಂಸ್ಥೆ ಕರೆಯುವುದು ಅವಳು ಸಂಕೇತ ಲಿಪಿ ಬಿಡಿಸುತ್ತಾಳೆಂದು, ಗೋಡೆ ಹತ್ತುತ್ತಾಳೆಂದಲ್ಲ. ಹದಿಮೂರು ವರ್ಷದವರು ಗಣಿತದಲ್ಲಿ ದೊಡ್ಡವರನ್ನು ಮೀರಿಸುವುದನ್ನು ನಾನು ಮೂವತ್ತು ವರ್ಷ ಪಕ್ಕದ ಕ್ಲಾಸಿನಲ್ಲಿ ನೋಡಿದ್ದೇನೆ, ಆದ್ದರಿಂದ ಇದನ್ನು ನಂಬಲು ನನಗೆ ಕಷ್ಟವಾಗಲಿಲ್ಲ. ಸಂಕೇತಗಳ ವಿಷಯದಲ್ಲಿ ಲೇಖಕಿಗೆ ನೆರವಾದವರು ಮಾರ್ಕಸ್ ಡು ಸೊಟೊಯ್ ಎಂಬ ಗಣಿತಜ್ಞ. ಹಾಗಾಗಿ ಒಗಟುಗಳನ್ನು ಪೆನ್ಸಿಲ್ ಹಿಡಿದು ನಿಜವಾಗಿಯೂ ಬಿಡಿಸಬಹುದು.

ಈಗ ‘ಕಿಮ್’. ರಡ್ಯಾರ್ಡ್ ಕಿಪ್ಲಿಂಗ್‌ನ 1901ರ ಈ ಪುಸ್ತಕ ಮೇಲಿನವರೆಲ್ಲರ ಮುತ್ತಜ್ಜ. ಲಾಹೋರಿನ ಬೀದಿಯಲ್ಲಿ ಬೆಳೆದ ಐರಿಷ್ ಸೈನಿಕನ ಅನಾಥ ಮಗ. ಯಾವ ಜಾತಿಯ ಉಡುಪು ಹಾಕಿದರೂ ಆ ಜಾತಿಯವರ ಹಾಗೆಯೇ ಮಾತಾಡಬಲ್ಲ, ಬೈಯಬಲ್ಲ. ಅಭಿಮನ್ಯುವಿನಂತೆ ಬಾಗಿಲು ಗೊತ್ತಿರುವುದು ಅವನಿಗೇ. ಭಾಷೆ ಕಷ್ಟ, ಬ್ರಿಟಿಷ್ ಆಳ್ವಿಕೆಯನ್ನು ಮಳೆ ಬಿಸಿಲಿನಂತೆ ಸಹಜವೆಂದು ನೋಡುವ ಕಣ್ಣು ಅದರದು, ಅದನ್ನು ಪಕ್ಕದಲ್ಲಿ ಕೂತು ಹೇಳಿಕೊಡಬೇಕು. ಹೀಗಾಗಿ ಹದಿನೈದಕ್ಕೆ ಮೊದಲು ಬೇಡ. ಆದರೆ ಟಿಬೆಟಿನ ಮುದುಕ ಲಾಮಾನ ಮೇಲಿನ ಪ್ರೀತಿ ಒಂದು ಕಡೆ, ಸರ್ಕಾರದ ಗುಟ್ಟಿನ ಕೆಲಸ ಇನ್ನೊಂದು ಕಡೆ, ನಡುವೆ ಹುಡುಗ ಸೊರಗುವುದನ್ನು ಓದಿದ ಮೇಲೆ ಅಲೆಕ್ಸ್‌ನ ಮೊಡವೆ ಕ್ರೀಮು ಯಾರಿಗೂ ನೆನಪಿರುವುದಿಲ್ಲ.

ಇದರಲ್ಲಿ ಕಿಮ್ ಶಿಮ್ಲಾದಲ್ಲಿ ಆಡುವ ಒಂದು ಆಟವಿದೆ: ತಟ್ಟೆಯ ಮೇಲಿನ ವಸ್ತುಗಳನ್ನು ಒಂದಷ್ಟು ಹೊತ್ತು ನೋಡಿ, ಮುಚ್ಚಿದ ಮೇಲೆ ನೆನಪಿನಿಂದ ಹೇಳುವುದು. ಬೇಡನ್ ಪೊವೆಲ್ ಇದನ್ನು ಸ್ಕೌಟ್ ಮಕ್ಕಳಿಗೆ ಕಲಿಸಿದ. ಕಳೆದ ದಸರಾ ರಜೆಯಲ್ಲಿ ನಾನೂ ಆಡಿಸಿದೆ. ಮೊರದ ಮೇಲೆ ಹದಿನೈದು ಸಾಮಾನು ಇಟ್ಟೆ: ಬಸ್ ಟಿಕೆಟ್, ಸೂಜಿ, ಏಲಕ್ಕಿ, ಎರಡು ರೂಪಾಯಿಯ ನಾಣ್ಯ, ಮೂರು ಕಾಫಿ ಬೀಜ, ಹೀಗೆ. ಒಂದು ನಿಮಿಷ ಬಿಟ್ಟು ಟವಲ್ ಮುಚ್ಚಿದೆ. ಎಲ್ಲರೂ “ಮೂರು ಕಾಫಿ ಬೀಜ” ಎಂದು ಬರೆದರು. ಸಕಲೇಶಪುರದ ಕಡೆಯ ತೋಟದ ಮನೆಯಿಂದ ಬಂದಿದ್ದ ಒಬ್ಬ ಹುಡುಗಿ ಮಾತ್ರ “ಎರಡು ಚಪ್ಪಟೆ, ಒಂದು ಪೀಬರಿ” ಎಂದು ಬರೆದಿದ್ದಳು. ಟವಲ್ ತೆಗೆದು ನೋಡಿದೆ. ಹೌದು, ಒಂದು ಬೀಜ ಒಂಟಿ ಬೀಜದ ಹಣ್ಣಿನದು, ದುಂಡಗಿತ್ತು. ಇಟ್ಟ ನನಗೇ ಗೊತ್ತಿರಲಿಲ್ಲ.

ಕಿಮ್ ಕೊಡುವಾಗ ನೈನ್ ಸಿಂಗ್ ರಾವತ್‌ನ ನಿಜ ಕಥೆಯನ್ನೂ ಜೊತೆಗೆ ಕೊಡಿ. ಹಿಮಾಲಯದ ಮಿಲಮ್ ಹಳ್ಳಿಯ ಈ ಮನುಷ್ಯ ಶಾಲಾ ಮೇಷ್ಟ್ರು, ನಮ್ಮ ವೃತ್ತಿಯವನು ಎಂದು ಎರಡು ಸಲ ಹೇಳುತ್ತೇನೆ. ವಿದೇಶಿಯರಿಗೆ ಮುಚ್ಚಿದ್ದ ಟಿಬೆಟಿನ ನಕ್ಷೆ ಬೇಕಾಗಿದ್ದ ಬ್ರಿಟಿಷ್ ಸರ್ವೆಯವರು ಅವನನ್ನು ತಯಾರು ಮಾಡಿದರು. 1865ರಲ್ಲಿ ಹೊರಟು 1866ರ ಜನವರಿಯಲ್ಲಿ ಲ್ಹಾಸಾ ಮುಟ್ಟಿದ. ಒಂದೊಂದು ಹೆಜ್ಜೆಯೂ ಒಂದೇ ಅಳತೆಗೆ ಬರುವಂತೆ ಅಭ್ಯಾಸ. ಕೈಯಲ್ಲಿ ಜಪಮಾಲೆ, ಆದರೆ 108ರ ಬದಲು ನೂರು ಮಣಿ, ನೂರು ಹೆಜ್ಜೆಗೊಂದು ಮಣಿ. ಬರೆದ ಲೆಕ್ಕವೆಲ್ಲ ಪ್ರಾರ್ಥನಾ ಚಕ್ರದೊಳಗೆ. 1877ರಲ್ಲಿ ಲಂಡನ್ನಿನ ರಾಯಲ್ ಜಿಯೋಗ್ರಾಫಿಕಲ್ ಸೊಸೈಟಿ ಚಿನ್ನದ ಪದಕ ಕೊಟ್ಟಿತು. ಈ ಕಥೆ ಹೇಳಿದ ದಿನ ಮಕ್ಕಳು ನಮ್ಮ ಗೇಟಿನಿಂದ ಹಾಲಿನ ಬೂತ್‌ವರೆಗೆ ಹೆಜ್ಜೆ ಎಣಿಸಿದರು. ಒಬ್ಬನಿಗೆ 212, ಇನ್ನೊಬ್ಬಳಿಗೆ 239. ಮೂರನೆಯವನಿಗೆ ನಾಯಿ ಅಡ್ಡ ಬಂದು ಲೆಕ್ಕವೇ ತಪ್ಪಿತು. ಲ್ಹಾಸಾದವರೆಗೆ ತಪ್ಪದೆ ಎಣಿಸಿದ್ದು ಹೇಗೆ ಎಂದು ಆ ಹುಡುಗ ಬಹಳ ಹೊತ್ತು ಯೋಚಿಸುತ್ತ ಕೂತಿದ್ದ.

ನಿಜ ಕಥೆಗಳಲ್ಲಿ ಮಕ್ಕಳು ಬರುವುದು ಅಪರೂಪ, ಬಂದರೂ ಕೆಲಸ ಸಪ್ಪೆ. ಮೊದಲ ಮಹಾಯುದ್ಧದಲ್ಲಿ ಬ್ರಿಟನ್‌ನ ಇನ್ನೊಂದು ಗುಪ್ತಚರ ಸಂಸ್ಥೆ ಎಂಐ5ರ ಕಚೇರಿಯಲ್ಲಿ ಕಾಗದಪತ್ರ ಒಯ್ಯಲು ಮೊದಲು ಬಾಯ್ ಸ್ಕೌಟ್ ಹುಡುಗರನ್ನು ಇಟ್ಟುಕೊಂಡರು. ಕೆಲಸವಿಲ್ಲದ ಹೊತ್ತಿನಲ್ಲಿ ಅವರ ಚೇಷ್ಟೆ ತಾಳಲಾರದೆ ಗರ್ಲ್ ಗೈಡ್ ಹುಡುಗಿಯರನ್ನು ತಂದರು. ಹದಿನಾಲ್ಕರಿಂದ ಹದಿನಾರರ ಹುಡುಗಿಯರು, ವಾರಕ್ಕೆ ಹತ್ತು ಶಿಲಿಂಗ್. ಇದನ್ನು ಓದಿ ಹೇಳಿದಾಗ ನಮ್ಮ ಬೀದಿಯ ಹುಡುಗಿಯರು ಒಂದು ವಾರ ಹುಡುಗರನ್ನು ನೆಮ್ಮದಿಯಿಂದ ಇರಗೊಡಲಿಲ್ಲ. ದೊಡ್ಡ ಮಕ್ಕಳಿಗೆ ನೂರ್ ಇನಾಯತ್ ಖಾನ್ ಬಗ್ಗೆಯೂ ಹೇಳಬಹುದು. ಟಿಪ್ಪುವಿನ ವಂಶದವಳು, ಮಕ್ಕಳಿಗಾಗಿ ಜಾತಕ ಕಥೆಗಳನ್ನು ಬರೆದವಳು, 1943ರಲ್ಲಿ ಜರ್ಮನ್ ವಶದಲ್ಲಿದ್ದ ಪ್ಯಾರಿಸ್‌ಗೆ ಬ್ರಿಟನ್ನಿನ ಪರ ಗುಟ್ಟಿನ ವೈರ್‌ಲೆಸ್ ಕೆಲಸಕ್ಕೆ ಹೋದವಳು. ಮರುವರ್ಷ ಡಖಾವ್‌ನ ನಾಜಿ ಯಾತನಾ ಶಿಬಿರದಲ್ಲಿ ಅವಳನ್ನು ಕೊಂದರು. ಮಕ್ಕಳ ಕಥೆಗಾರ್ತಿಯ ಈ ಕೊನೆಯನ್ನು ಹೇಳುವಾಗ ನನ್ನ ದನಿ ಎರಡು ಸಲ ಕಟ್ಟಿತು. ಎಳೆಯರಿಗೆ ಬೇಡ.

“ಕನ್ನಡದಲ್ಲಿ ಏನಿದೆ?” ಎಂದು ಕೇಳುವವರಿಗೆ ನನ್ನ ಉತ್ತರ ಸ್ವಲ್ಪ ಅಳುಕಿನದು. ಪತ್ತೇದಾರ ಪುರುಷೋತ್ತಮನನ್ನು ಸೃಷ್ಟಿಸಿ ನೂರಾರು ಕಾದಂಬರಿ ಬರೆದ ಎನ್. ನರಸಿಂಹಯ್ಯ ಇದೇ ಚಿಕ್ಕಮಗಳೂರಿನವರು. ನಮ್ಮ ತಲೆಮಾರು ಪಠ್ಯಪುಸ್ತಕದೊಳಗೆ ಬಚ್ಚಿಟ್ಟು ಓದಿದ್ದು ಅವರನ್ನೇ. ಆದರೆ ಅಲ್ಲಿ ನಾಯಕ ದೊಡ್ಡವನು. ಮೂಡಿಗೆರೆಯ ತೇಜಸ್ವಿಯವರ ‘ಜುಗಾರಿ ಕ್ರಾಸ್’ನಲ್ಲೂ ಹಾಗೆಯೇ, ಏಲಕ್ಕಿ ಮಾರಲು ಹೊರಟ ಗಂಡಹೆಂಡತಿ ಸುಳಿಗೆ ಸಿಕ್ಕುತ್ತಾರೆ. ಹದಿನೈದು, ಹದಿನಾರರ ಮಗುವಿಗೆ ಧಾರಾಳವಾಗಿ ಕೊಡಿ. ಘಾಟಿಯ ತಿರುವು, ಏಲಕ್ಕಿ ಚೀಲ ಎಲ್ಲವೂ ನೋಡಿದ್ದೇ ಆಗಿರುವುದರಿಂದ ಲಂಡನ್ನಿನ ಬೆನ್ನಟ್ಟುವಿಕೆಗಿಂತ ಇಲ್ಲಿನ ಭಯ ಹತ್ತಿರದ್ದು.

ಇಷ್ಟೆಲ್ಲ ಹೇಳಿದ ಮೇಲೂ, ನಂಬಿಕೆಯ ವಿಷಯದಲ್ಲಿ ನನ್ನ ಮೊದಲ ಆಯ್ಕೆ ಗುಪ್ತ ಸಂಸ್ಥೆಯೇ ಇಲ್ಲದ ಒಂದು ಪುಸ್ತಕ. ಲೂಯಿಸ್ ಫಿಟ್ಜ್‌ಹ್ಯೂ ಬರೆದ 1964ರ ‘ಹ್ಯಾರಿಯೆಟ್ ದಿ ಸ್ಪೈ’. ನ್ಯೂಯಾರ್ಕಿನ ಹನ್ನೊಂದು ವರ್ಷದ ಹುಡುಗಿ ದಿನಾ ಸಂಜೆ ಅಕ್ಕಪಕ್ಕದ ಮನೆಗಳನ್ನು ಕದ್ದು ನೋಡಿ ಕಂಡದ್ದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆಯುತ್ತಾಳೆ. ಗೆಳೆಯರ ಬಗ್ಗೆಯೂ ಬರೆಯುತ್ತಾಳೆ, ಉಪ್ಪು ಖಾರ ಎರಡೂ ಹಾಕಿ. ಒಂದು ದಿನ ಆ ನೋಟ್‌ಬುಕ್ ಗೆಳೆಯರ ಕೈಗೇ ಸಿಗುತ್ತದೆ. ಅವಳನ್ನು ಯಾರೂ ಕಳಿಸಿರಲಿಲ್ಲ, ಆದ್ದರಿಂದ ಬಿಡಿಸಿಕೊಂಡು ಬರುವವರೂ ಇಲ್ಲ. ಹತ್ತರಿಂದ ಹನ್ನೆರಡರ ಮಗುವಿಗೆ ಭಾಷೆಯೂ ಕಷ್ಟವಲ್ಲ. ಓಟ, ಹೊಡೆದಾಟ ಬೇಕೆನ್ನುವ ಮಗು ಮೂವತ್ತನೇ ಪುಟದಲ್ಲಿ ಮರಳಿಸುತ್ತದೆ, ಒತ್ತಾಯಿಸಬೇಡಿ.

ಆ ಪ್ರತಿ ಸದ್ಯಕ್ಕೆ ಬೀರುವಿನಲ್ಲಿಲ್ಲ. ಯುಗಾದಿಗೆ ಬಂದಾಗ ಚಿಕ್ಕಮಗಳೂರಿನ ಆ ಕಾಫಿ ತಟ್ಟೆಯ ಹುಡುಗಿ ಒಯ್ದಳು. ಮೊನ್ನೆ ಫೋನಿನಲ್ಲಿ, ಓದಿ ಮುಗಿಯಿತು, ಆದರೆ ಇನ್ನೂ ಸ್ವಲ್ಪ ದಿನ ಇಟ್ಟುಕೊಳ್ಳುತ್ತೇನೆ ಎಂದಳು. ಆಮೇಲೆ ದನಿ ತಗ್ಗಿಸಿ, “ಮಾವ, ಅವತ್ತು ತೋಟದ ವಿಷಯ ನಾನು ಹೇಳಿದ್ದು ಅಪ್ಪನಿಗೆ ಗೊತ್ತಾಗಿಲ್ಲ ಅಲ್ಲವೇ?” ಎಂದು ಕೇಳಿದಳು.